ಕತ್ತಿ ಇಳಿಸಿದ ಕೈಗೆ ನೇಗಿಲು

ಚರಿತ್ರೆಯ ಪುಸ್ತಕಗಳಲ್ಲಿ ಯುದ್ಧಗಳಿಗೆ ಮೀಸಲಾದ ಪುಟಗಳು ಬಹಳ. ಯಾವ ಅರಸನು ಯಾವ ಬಯಲಿನಲ್ಲಿ ಯಾರನ್ನು ಸೋಲಿಸಿದನು, ಅವನ ಬಳಿ ಎಷ್ಟು ಆನೆ, ಎಷ್ಟು ಕುದುರೆ ಎಂಬುದನ್ನೆಲ್ಲ ನಮ್ಮ ಮಕ್ಕಳು ಕಂಠಪಾಠ ಮಾಡುತ್ತಾರೆ. ಯುದ್ಧ ಮುಗಿದ ಮರುದಿನ ಆ ಕಾಲಾಳು ಎಲ್ಲಿಗೆ ಹೋದನು, ಅವನ ಮನೆಯ ಒಲೆ ಹೇಗೆ ಉರಿಯಿತು ಎಂಬುದನ್ನು ಬರೆದವರು ಕಡಿಮೆ. ಆದರೆ ರಾಜ್ಯವೊಂದು ಉಳಿಯುವುದೂ ಅಳಿಯುವುದೂ ಎಷ್ಟೋ ಸಲ ಆ ಮರುದಿನದ ಪ್ರಶ್ನೆಯನ್ನೇ ಅವಲಂಬಿಸಿರುತ್ತದೆ.

ನಮ್ಮ ಆದವಾನಿಯ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಪೆದ್ದಹರಿವಾಣ, ಹೊಳಗುಂದ, ಕೌತಾಳ, ಕೋಸಿಗಿ ಮೊದಲಾದ ಊರುಗಳ ಕಟ್ಟೆಯ ಮೇಲೆ ಕುಳಿತವರಿಗೆ, ಭುಜದ ಮೇಲೆ ಹಸಿರು ಪೆಟ್ಟಿಗೆಯನ್ನು ಹೊತ್ತು ಆದವಾನಿಯ ರೈಲು ನಿಲ್ದಾಣದಿಂದ ಊರಿಗೆ ಬರುವ ಯುವಕನ ದೃಶ್ಯ ಪರಿಚಿತವಾದುದೇ. ರಜೆಗೆ ಬಂದಾಗ ಅವನಿಗೆ ದೊರೆಯುವ ಆದರ ದೊಡ್ಡದು. ಅವನು ಕೊನೆಯ ಸಲ ಬಂದು, ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಟ್ಟು, ಮುಂದೇನು ಎಂದು ಯೋಚಿಸುತ್ತ ಕುಳಿತಾಗ ಊರವರು ಅವನನ್ನು ‘ಮಿಲ್ಟ್ರಿಯವನು’ ಎಂದು ಕರೆಯುವುದನ್ನೇನೋ ಬಿಡುವುದಿಲ್ಲ. ಆದರೆ ಅವನ ಮುಂದಿನ ಜೀವನದ ವಿಚಾರವನ್ನು ಅವನಿಗೇ ಬಿಟ್ಟುಬಿಡುತ್ತಾರೆ. ಈ ವಾರ್ಷಿಕೋತ್ಸವದ ಸಂಚಿಕೆಯಲ್ಲಿ, ನಮ್ಮ ಹಿಂದಿನವರು ಇಂತಹ ಸಂದರ್ಭಗಳನ್ನು ಹೇಗೆ ಎದುರಿಸಿದರು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ವಿಜಯನಗರದ ಕಾಲದಲ್ಲಿ ಸೈನಿಕನೆಂಬವನು ಬೇರೆ, ಒಕ್ಕಲಿಗನೆಂಬವನು ಬೇರೆ ಎಂಬ ಗೆರೆ ಅಷ್ಟು ಸ್ಪಷ್ಟವಾಗಿರಲಿಲ್ಲ. ಅರಸರು ಅಮರನಾಯಕರಿಗೆ ಸೀಮೆಗಳನ್ನು ಬಿಟ್ಟುಕೊಡುತ್ತಿದ್ದರು. ಆ ಸೀಮೆಯ ಹುಟ್ಟುವಳಿಯಿಂದ ನಾಯಕನು ಗೊತ್ತಾದಷ್ಟು ಕಾಲಾಳು ಕುದುರೆಗಳನ್ನು ಸಾಕಿ, ಕರೆ ಬಂದಾಗ ಒಪ್ಪಿಸಬೇಕಾಗಿತ್ತು. ಆದುದರಿಂದ ದಂಡಿನಲ್ಲಿ ನಡೆದವರಲ್ಲಿ ಬಹು ಮಂದಿಗೆ ಹಿಂದಿರುಗಲು ಒಂದು ಊರು, ಒಂದು ಹೊಲ ಇದ್ದೇ ಇರುತ್ತಿದ್ದವು. 1565ರ ಜನವರಿಯಲ್ಲಿ ತಾಳಿಕೋಟೆಯ ಯುದ್ಧದಲ್ಲಿ ರಾಮರಾಯನು ಮಡಿದು ರಾಜಧಾನಿ ಹಾಳಾದ ಮೇಲೆ ಈ ಕಟ್ಟು ಸಡಿಲಿತು. ಮೇಲಿನ ಒಡೆಯನಿಲ್ಲದ ನಾಯಕರು ತಮ್ಮ ತಮ್ಮ ಬೆಟ್ಟಗಳ ಮೇಲೆ ಕೋಟೆ ಕಟ್ಟಿಕೊಂಡು ಪಾಳೆಯಗಾರರಾದರು. ಅವರ ಆಳುಗಳಿಗೆ ಪೂರ್ಣ ಸೈನಿಕವೃತ್ತಿಯೂ ಇಲ್ಲ, ಪೂರ್ಣ ಬೇಸಾಯವೂ ಇಲ್ಲ. ಎರಡರ ನಡುವಣ ಬಾಳು ಬಂದೊದಗಿತು.

ಮುಂದೆ ಆದವಾನಿಯ ಕೋಟೆ ಬಿಜಾಪುರದವರ ಕೈಗೂ, ಅಲ್ಲಿಂದ ಮೊಗಲರ ಕೈಗೂ, ತರುವಾಯ ಹೈದರಾಬಾದಿನ ನಿಜಾಮರ ಕೈಗೂ ಬಂದಿತು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ನಿಜಾಮ ಅಲಿಯ ಸೋದರನಾದ ಬಸಾಲತ್ ಜಂಗನು ಇಲ್ಲಿ ಜಾಗೀರುದಾರನಾಗಿದ್ದನು. ಅವನ ಬಳಿ ಫ್ರೆಂಚ್ ಅಧಿಕಾರಿಗಳ ಕೈಕೆಳಗೆ ಕವಾಯತು ಕಲಿತ ಒಂದು ಪಡೆ ಇದ್ದಿತು. 1779ರಲ್ಲಿ ಇಂಗ್ಲಿಷರು ಅವನೊಡನೆ ಒಪ್ಪಂದ ಮಾಡಿಕೊಂಡು, ಆ ಪಡೆಯನ್ನು ಬಿಟ್ಟುಬಿಡಬೇಕೆಂದು ಕರಾರು ಹಾಕಿದರು. ಬಸಾಲತ್ ಜಂಗನು ಅದಕ್ಕೆ ಒಪ್ಪಿದನು. ಆದರೆ ಬಿಟ್ಟ ಪಡೆ ಗಾಳಿಯಲ್ಲಿ ಕರಗಿ ಹೋಗಲಿಲ್ಲ. ಇಂಗ್ಲಿಷರ ನಡತೆಯಿಂದ ಅಸಮಾಧಾನಗೊಂಡಿದ್ದ ನಿಜಾಮನು ಅದನ್ನೇ ತನ್ನ ಸೇವೆಗೆ ತೆಗೆದುಕೊಂಡನು. ಪಡೆಯನ್ನು ವಿಸರ್ಜಿಸುವುದು ಒಂದು ಕಾಗದದ ಕೆಲಸ. ಪಡೆಯಲ್ಲಿದ್ದವರಿಗೆ ಬೇರೆ ಅನ್ನವನ್ನು ತೋರಿಸುವುದು ಬೇರೆಯೇ ಕೆಲಸ. ಮೊದಲನೆಯದನ್ನು ಮಾತ್ರ ಮಾಡಿದರೆ, ಕತ್ತಿ ಕೈ ಬದಲಾಯಿಸುತ್ತದೆಯೇ ಹೊರತು ಒರೆ ಸೇರುವುದಿಲ್ಲ.

ಈ ಮಾತಿಗೆ ಇನ್ನೂ ದೊಡ್ಡ ನಿದರ್ಶನ ಇಪ್ಪತ್ತು ವರ್ಷಗಳ ನಂತರ ದೊರೆಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟೀಪೂ ಸುಲ್ತಾನನು ಮಡಿದನು. ದೊಡ್ಡ ದೊಡ್ಡ ಸರದಾರರಿಗೆ ಗೆದ್ದವರು ವೇತನವನ್ನೋ ಜಾಗೀರನ್ನೋ ಗೊತ್ತುಮಾಡಿದರು. ಆದರೆ ಸಂಬಳವೂ ನಿಂತು, ಒಡೆಯನೂ ಇಲ್ಲದೆ, ಕೈಯಲ್ಲಿ ಆಯುಧ ಮಾತ್ರ ಉಳಿದಿದ್ದ ಸಾಮಾನ್ಯ ಸವಾರರು ಮತ್ತು ಕಾಲಾಳುಗಳು ನಾಡಿನ ತುಂಬ ಚೆದರಿದರು. ಅದೇ ದಿನ ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆಯಾದವರಲ್ಲಿ ಚನ್ನಗಿರಿಯ ಧೋಂಡಿಯ ವಾಘನೂ ಒಬ್ಬನು. ಅವನು ಹಿಂದೆ ಹೈದರನ ಕುದುರೆಯ ದಂಡಿನಲ್ಲಿ ಕೆಲಸ ಮಾಡಿದ್ದವನು. ಕೆಲಸ ಕಳೆದುಕೊಂಡ ಈ ಸೈನಿಕರು ಅವನ ಸುತ್ತ ನೆರೆದರು. ಬಿದನೂರಿನ ಕಡೆಯ ಠಾಣೆಗಳು ಅವನ ವಶವಾದವು. ಒಮ್ಮೆ ಓಡಿಸಿದರೂ ಮರುವರ್ಷ ತುಂಗಭದ್ರೆಯ ಉತ್ತರಕ್ಕೆ ಮತ್ತೆ ದಂಡು ಕಟ್ಟಿದನು. ತಾನು ಉಭಯಲೋಕಗಳಿಗೂ ಅರಸನೆಂಬ ಬಿರುದನ್ನೂ ಧರಿಸಿದನು.

ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ತಿಂಗಳುಗಟ್ಟಲೆ ಅವನನ್ನು ಬೆನ್ನಟ್ಟಿ, 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್ಲಿನ ಬಳಿ ಎದುರಿಸಿದನು. ಅಂದು ಧೋಂಡಿಯನೊಡನೆ ಸುಮಾರು 5,000 ಸವಾರರಿದ್ದರು. ಅವನು ಆ ಕಾಳಗದಲ್ಲಿ ಮಡಿದನು. ಆ ಬಯಲು ನಮ್ಮ ಸೀಮೆಗೆ ದೂರದ್ದಲ್ಲ. ಸಿರುಗುಪ್ಪದ ಆಚೆ ಹೊಳೆ ದಾಟಿದರೆ ಅದೇ ನಾಡು. ಧೋಂಡಿಯನ ಸಾಮಾನು ಬಂಡಿಗಳಲ್ಲಿ ಅವನ ಸಾಕುಮಗನಾದ ಸಲಾಬತ್ ಖಾನನೆಂಬ ಎಳೆಯ ಹುಡುಗನು ಸಿಕ್ಕಿದನು. ವೆಲ್ಲೆಸ್ಲಿಯು ಆ ಹುಡುಗನನ್ನು ತನ್ನ ಡೇರೆಗೆ ಕರೆದೊಯ್ದು, ಅವನ ಪೋಷಣೆಗೆಂದು ಹಣವನ್ನೂ ಇರಿಸಿ ಹೋದನು. ಹುಡುಗನು ದೊಡ್ಡವನಾಗಿ ಮೈಸೂರು ಅರಸರ ಸೇವೆಗೆ ಸೇರಿದನೆಂದು ತಿಳಿದುಬರುತ್ತದೆ. ಒಬ್ಬ ಹುಡುಗನಿಗೆ ದೊರೆತ ಈ ದಾರಿ ಅವನ ತಂದೆಯ ಹಿಂದೆ ನಡೆದ ಸಾವಿರಾರು ಮಂದಿಗೆ 1799ರಲ್ಲಿಯೇ ದೊರೆತಿದ್ದರೆ ಕೋನಗಲ್ಲಿನ ಕಾಳಗ ನಡೆಯಬೇಕಾಗುತ್ತಿತ್ತೆ ಎಂದು ಕೇಳಿಕೊಳ್ಳಬಹುದು.

ಈ ಪ್ರಶ್ನೆಯನ್ನು ಮೈಸೂರಿನಲ್ಲಿ ಸರಿಯಾಗಿ ಗ್ರಹಿಸಿದವನು ದಿವಾನ್ ಪೂರ್ಣಯ್ಯ. ಟೀಪೂವಿನ ಕೈಕೆಳಗೆ ಹಣಕಾಸಿನ ಜವಾಬ್ದಾರಿಯನ್ನೂ ದಂಡಿನ ಜವಾಬ್ದಾರಿಯನ್ನೂ ಹೊತ್ತಿದ್ದ ಅವನಿಗೆ ಸಂಬಳ ನಿಂತ ಸಿಪಾಯಿಯ ಮನಸ್ಸು ಚೆನ್ನಾಗಿ ಗೊತ್ತಿತ್ತು. 1799ರಿಂದ 1811ರವರೆಗಿನ ತನ್ನ ಆಡಳಿತದಲ್ಲಿ ಅವನು ಹಳೆಯ ಸವಾರರಲ್ಲಿ ಕೆಲವರನ್ನು ಸಿಲ್ಲೇದಾರರ ದಂಡಿನಲ್ಲಿ ಉಳಿಸಿಕೊಂಡನು. ಮಿಕ್ಕ ಕಾಲಾಳುಗಳಿಗಾಗಿ ಕಂದಾಚಾರವೆಂಬ ಹಳೆಯ ಇಲಾಖೆಯನ್ನು ಬಲಪಡಿಸಿದನು. ಇಂದು ಕಂದಾಚಾರವೆಂದರೆ ಕುರುಡು ಸಂಪ್ರದಾಯವೆಂಬ ಅರ್ಥ ಬಳಕೆಯಲ್ಲಿದೆ. ಆ ಕಾಲದಲ್ಲಿ ಅದು ನಾಡಿನ ಕಾವಲು ಪಡೆಯ ಹೆಸರು. ಕಂದಾಚಾರದ ಆಳುಗಳು ಸುಮಾರು 20,000 ಮಂದಿ ಇದ್ದರು. ಅವರು ತಮ್ಮ ತಮ್ಮ ಊರುಗಳಲ್ಲಿಯೇ ಇದ್ದು, ಬೇಸಾಯ ಮಾಡಿಕೊಂಡು, ಸರದಿಯ ಮೇಲೆ ಕೋಟೆ ಕಾಯುವುದು, ಕಳ್ಳಕಾಕರನ್ನು ಹಿಡಿಯುವುದು ಮೊದಲಾದ ಕೆಲಸಗಳನ್ನು ಮಾಡುತ್ತಿದ್ದರು. ಸಂಬಳದ ಒಂದು ಭಾಗ ನಗದಾಗಿ, ಮತ್ತೊಂದು ಭಾಗ ಕಡಮೆ ಕಂದಾಯದ ಭೂಮಿಯ ರೂಪದಲ್ಲಿ ಅವರಿಗೆ ಸಲ್ಲುತ್ತಿತ್ತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪೂರ್ಣಯ್ಯನು ಸಿಪಾಯಿಗೆ ದಾನ ಕೊಡಲಿಲ್ಲ. ಅವನಿಗೆ ತಿಳಿದಿದ್ದ ವಿದ್ಯೆ ಯಾವುದು, ಆ ವಿದ್ಯೆ ಶಾಂತಿಕಾಲದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ನೋಡಿ ಕೆಲಸ ಕೊಟ್ಟನು. ಜೊತೆಗೆ ಊರಿನಲ್ಲಿ ಕಾಲೂರಲು ನೆಲವನ್ನೂ ಕೊಟ್ಟನು. ಮೈಸೂರು ಸೀಮೆ ಬೇಗನೆ ಶಾಂತವಾದುದಕ್ಕೆ ಇದೂ ಒಂದು ಕಾರಣವೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ನಮ್ಮ ಸೀಮೆಯ ಕಥೆಗೆ ಬರೋಣ. ಧೋಂಡಿಯನು ಮಡಿದ ಮರುತಿಂಗಳು, ಅಂದರೆ 1800ರ ಅಕ್ಟೋಬರಿನಲ್ಲಿ, ನಿಜಾಮನು ಆದವಾನಿ, ಬಳ್ಳಾರಿ, ಅನಂತಪುರ, ಕಡಪೆಯ ಪ್ರಾಂತಗಳನ್ನು ಕುಂಪಣಿಗೆ ಬಿಟ್ಟುಕೊಟ್ಟನು. ದತ್ತಮಂಡಲವೆಂಬ ಹೆಸರು ಬಂದುದು ಹೀಗೆ. ಅದರ ಮುಖ್ಯ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ನಮ್ಮ ಮನೆಗಳಲ್ಲಿ ಅವನ ಹೆಸರೆತ್ತಿದರೆ ಹಿರಿಯರು ಮಂತ್ರಾಲಯದ ಕಥೆಯನ್ನು ಹೇಳುತ್ತಾರೆ. ಪತ್ತಿಕೊಂಡದ ಕಡೆಯವರು, ಅವನು ಮದರಾಸಿನ ಗವರ್ನರನಾಗಿ ಸಂಚಾರದಲ್ಲಿದ್ದಾಗ 1827ರ ಜುಲೈ 6ರಂದು ಕಾಲರಾ ತಗುಲಿ ಅಲ್ಲಿಯೇ ತೀರಿಕೊಂಡುದನ್ನು ನೆನೆಯುತ್ತಾರೆ. ಆದರೆ ಅವನು ಮೂಲತಃ ಸಿಪಾಯಿಯೆಂಬುದನ್ನು ನೆನೆಯುವವರು ಕಡಿಮೆ. 1780ರಲ್ಲಿ ಕಾಲ್ದಳದ ಕೆಡೆಟ್ಟಾಗಿ ಮದರಾಸಿಗೆ ಬಂದು, ಹೈದರನ ಮೇಲಿನ ಯುದ್ಧದಲ್ಲಿ ಕಾದಾಡಿ, 1792ರಲ್ಲಿ ಬಾರಾಮಹಲಿನಲ್ಲಿ ಕ್ಯಾಪ್ಟನ್ ರೀಡನ ಸಹಾಯಕನಾಗಿ ಕಂದಾಯದ ಕೆಲಸಕ್ಕೆ ಇಳಿದವನು. ಕತ್ತಿ ಬಿಟ್ಟು ಲೆಕ್ಕದ ಪುಸ್ತಕ ಹಿಡಿದ ಮನುಷ್ಯನೇ ಇತರರ ಕತ್ತಿಗಳನ್ನು ಇಳಿಸುವ ಕೆಲಸಕ್ಕೆ ಇಲ್ಲಿಗೆ ಬಂದನೆಂಬುದು ವಿಶೇಷ.

ಅವನು ಬಂದಾಗ ದತ್ತಮಂಡಲದಲ್ಲಿ ಸುಮಾರು 80 ಮಂದಿ ಪಾಳೆಯಗಾರರೂ, ಅವರ ಹಿಂದೆ ಸುಮಾರು 30,000 ಮಂದಿ ಆಯುಧಪಾಣಿಗಳಾದ ಆಳುಗಳೂ ಇದ್ದರು. ಈ ಆಳುಗಳಲ್ಲಿ ಹೆಚ್ಚಿನವರು ಬೇಡರು, ಬೋಯರು ಮೊದಲಾದ ವೀರಕುಲಗಳವರು. ವಿಜಯನಗರದ, ಹೈದರನ, ಟೀಪೂವಿನ ದಂಡುಗಳಿಗೆ ಕಾಲಾಳುಗಳನ್ನು ಒದಗಿಸಿದವರು. ಇವರಲ್ಲಿ ಕಟ್ಟುಬಡಿಯವರೆಂಬುವರು ಅಲ್ಪ ಕಾಣಿಕೆಯ ಮೇಲೆ ಇನಾಮು ಭೂಮಿಯನ್ನು ಅನುಭವಿಸುತ್ತ, ನಾಯಕನು ಕರೆದಾಗ ಆಯುಧ ಹಿಡಿಯತಕ್ಕವರು.

ಮನ್ರೋ ಮೊದಲು ಕೈಹಾಕಿದುದು ಪಾಳೆಯಗಾರರ ಬೊಕ್ಕಸಕ್ಕೆ. ಅವರ ಸೀಮೆಗಳ ಮೇಲೆ ಪೂರ್ಣ ಕಂದಾಯವನ್ನು ಹೊರಿಸಿದರೆ ಪಡೆ ಸಾಕಲು ಹಣ ಉಳಿಯುವುದಿಲ್ಲವೆಂಬುದು ಅವನ ಎಣಿಕೆ. ಎದುರು ನಿಂತವರ ಮೇಲೆ ಜನರಲ್ ಕ್ಯಾಂಬೆಲನ ದಂಡು ಹೋಯಿತು. ಇದು ಸುಲಭವಾಗಿ ನಡೆಯಲಿಲ್ಲ. 1801ರ ಕೊನೆಯಲ್ಲಿ ತೆರ್ನೇಕಲ್ಲಿನ ಊರವರು ಕಂದಾಯದ ಜುಲುಮೆಗೆ ತಿರುಗಿಬಿದ್ದು, ಕುಂಪಣಿಯ ಪಡೆಯ ಮೊದಲ ಮುತ್ತಿಗೆಯನ್ನು ಹಿಮ್ಮೆಟ್ಟಿಸಿದರು. ಕೊನೆಗೆ ದೊಡ್ಡ ದಂಡು ಬಂದು ಊರನ್ನು ಹಿಡಿಯಿತು. ಪಾಳೆಯಗಾರರ ವಿಷಯದಲ್ಲಿ ಮನ್ರೋ ತೋರಿದ ಕಾಠಿಣ್ಯವನ್ನು ಲಂಡನ್ನಿನ ನಿರ್ದೇಶಕರೇ ಆಕ್ಷೇಪಿಸಿ ಬರೆದರೆಂದ ಮೇಲೆ ಹೆಚ್ಚು ಹೇಳಬೇಕಾದುದಿಲ್ಲ.

ಹೀಗೆ ಆಳುಗಳ ದಂಡು ಚೆದರಿದ ಮೇಲೆ ಅವರ ಬಾಳೇನಾಯಿತು? ಇದಕ್ಕೆ ಮೂರು ದಾರಿಗಳು ತೆರೆದವು. ಒಂದು, ಬೇಸಾಯ. ದಶಕಗಳ ದಂಡಯಾತ್ರೆಗಳಿಂದ ನಮ್ಮ ಎರೆಯ ಭೂಮಿ ಬಹುಮಟ್ಟಿಗೆ ಪಾಳುಬಿದ್ದಿತ್ತು. ಪಾಳು ನೆಲವನ್ನು ಉಳುವವರಿಗೆ ಕೌಲು ಕೊಟ್ಟು, ಎತ್ತು ಮತ್ತು ಬೀಜಗಳಿಗೆ ತಕಾವಿ ಸಾಲವನ್ನು ಕಂದಾಯದವರು ಮುಂಗಡವಾಗಿ ಕೊಡುವ ಪದ್ಧತಿ ನಡೆದಿತ್ತು. ರೈತನೊಡನೆ ಸರ್ಕಾರ ನೇರವಾಗಿ ಲೆಕ್ಕವಿಡುವ ರೈತವಾರಿ ಕ್ರಮದಲ್ಲಿ, ನಿನ್ನೆಯ ಆಳೂ ಇಂದು ತನ್ನ ಹೆಸರಿನಲ್ಲಿ ಹೊಲವನ್ನು ಬರೆಸಿಕೊಳ್ಳಲು ಅವಕಾಶವಿತ್ತು. ಎರಡು, ಊರ ಕಾವಲು. ತಳವಾರಿಕೆಯೂ ಕಂದಾಯ ಕಚೇರಿಯ ಜವಾನಿಕೆಯೂ ಕೆಲವರಿಗೆ ಆಸರೆಯಾದವು. ಮೂರು, ಕಟ್ಟುಬಡಿಯ ಇನಾಮು. ಆಯುಧದ ಸೇವೆ ಹೋದರೂ ಈ ಭೂಮಿ ಹಲವರ ಕೈಯಲ್ಲಿ ಉಳಿಯಿತು. 1858ರಲ್ಲಿ ಮದರಾಸು ಆಧಿಪತ್ಯದಲ್ಲಿ ಆರಂಭವಾದ ಇನಾಮು ಆಯೋಗದ ವಿಚಾರಣೆಯ ತರುವಾಯ, ಇಂತಹ ಸೇವಾ ಇನಾಮುಗಳು ಗೊತ್ತಾದ ಕಾಣಿಕೆಯ ಮೇಲೆ ಸ್ವಂತ ಆಸ್ತಿಗಳಾಗಿ ಮಾರ್ಪಟ್ಟವು. ಇಂದು ನಮ್ಮ ಸೀಮೆಯಲ್ಲಿ ಹತ್ತಿ, ಜೋಳ, ಮೆಣಸಿನಕಾಯಿ ಬೆಳೆಯುವ ಎಷ್ಟೋ ಮನೆತನಗಳ ಮೂಲಪುರುಷರು ಒಂದು ಕಾಲಕ್ಕೆ ಕತ್ತಿ ಹಿಡಿದವರೇ.

ಆದರೆ ಈ ಚಿತ್ರದ ಇನ್ನೊಂದು ಮಗ್ಗುಲನ್ನು ಮರೆಮಾಚಲಾಗದು. ಮನ್ರೋವಿನ ಏಳು ವರ್ಷಗಳಲ್ಲಿ ದತ್ತಮಂಡಲದ ಕಂದಾಯ ಸುಮಾರು 10 ಲಕ್ಷ ವರಹಗಳಿಂದ ಬಹಳ ಮೇಲಕ್ಕೆ ಏರಿತು. ಹೊಸದಾಗಿ ನೇಗಿಲು ಹಿಡಿದವನ ಬೆನ್ನಿನ ಮೇಲೆ ಇದು ಸಣ್ಣ ಹೊರೆಯಲ್ಲ. ಮನ್ರೋ ತಾನೇ 1807ರಲ್ಲಿ ಊರು ಬಿಡುವ ಮುನ್ನ, ಕಂದಾಯವನ್ನು ನೂರಕ್ಕೆ 25ರಷ್ಟು ಇಳಿಸಬೇಕೆಂದು ಮೇಲಿನವರಿಗೆ ಬರೆದನು. ಅವರು ಅದನ್ನು ಕೂಡಲೇ ಒಪ್ಪಲಿಲ್ಲ. ಸಿಪಾಯಿಗೆ ಹೊಲ ಕೊಟ್ಟು ಹೊಲದ ಫಲವನ್ನು ಕಿತ್ತುಕೊಂಡರೆ ಕೊಟ್ಟಂತಾಗಲಿಲ್ಲವೆಂಬ ಪಾಠ ಇಲ್ಲಿದೆ.

ಈ ಪಾಠವನ್ನು ಕಲಿಯದೆ ಹೋದುದರ ಪರಿಣಾಮ ಕಿತ್ತೂರಿನ ಸೀಮೆಯಲ್ಲಿ ಕಂಡುಬಂದಿತು. ಸಂಗೊಳ್ಳಿ ರಾಯಣ್ಣನ ಹೆಸರನ್ನು ಅರಿಯದ ಕನ್ನಡಿಗನಿಲ್ಲ. ಅವನು ಶೇತ್‌ಸನದಿ, ಎಂದರೆ ಊರಿನ ಕಾವಲಿಗೂ ದಂಡಿನ ಸೇವೆಗೂ ಪ್ರತಿಯಾಗಿ ಭೂಮಿಯನ್ನು ಅನುಭವಿಸುತ್ತಿದ್ದವನು. 1824ರಲ್ಲಿ ಕಿತ್ತೂರು ಕುಂಪಣಿಯ ವಶವಾದ ಮೇಲೆ ಇಂತಹವರ ಭೂಮಿಗಳ ಮೇಲೆ ಕಂದಾಯದ ಅಧಿಕಾರಿಗಳ ಕಣ್ಣು ಬಿದ್ದಿತು. ಕೆಲವು ಭೂಮಿಗಳು ಮುಟ್ಟುಗೋಲಾದವು, ಕೆಲವುಗಳ ಮೇಲೆ ತೆರಿಗೆ ಏರಿತು. ಒಡತಿಯೂ ಸೆರೆಯಲ್ಲಿ, ಹೊಲವೂ ಕೈಬಿಟ್ಟಿತು, ಉಳಿದುದು ಕತ್ತಿಯೊಂದೇ. ರಾಯಣ್ಣನ ಹಿಂದೆ ಹೊರಟವರಲ್ಲಿ ಇಂತಹ ಶೇತ್‌ಸನದಿಗಳೇ ಬಹಳ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. 1857ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರ ಮುಂದೆ ಆಯುಧಗಳನ್ನು ಒಪ್ಪಿಸಿರೆಂಬ ಹುಕುಂ ಬಂದಿತು. ಆಯುಧಕ್ಕೆ ಬದಲಾಗಿ ಅವರಿಗೆ ಏನನ್ನೂ ತೋರಿಸಲಿಲ್ಲ. ಅವರು ಎದುರು ನಿಂತರು, ಊರು ಸುಟ್ಟುಹೋಯಿತು, 19 ಮಂದಿಯನ್ನು ನೇಣು ಹಾಕಿದರು. ಹಳ್ಳಿಗಳಲ್ಲಿ ಲಾವಣಿ ಹಾಡುವವರು ಇಂದಿಗೂ ಆ ಕಥೆಯನ್ನು ಹಾಡುತ್ತಾರೆ. ದೇಶಾಭಿಮಾನದ ಈ ಕಥೆಗಳಲ್ಲಿ ಸೈನಿಕನ ಅನ್ನದ ಕಥೆಯೂ ಸೇರಿದೆ ಎಂಬುದನ್ನು ನಾವು ಮರೆಯಬಾರದು.

ಇಪ್ಪತ್ತನೆಯ ಶತಮಾನದಲ್ಲಿ ಪ್ರಶ್ನೆಯ ಗಾತ್ರವೇ ಬದಲಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಭಾರತದಿಂದ ಹದಿಮೂರು ಲಕ್ಷದಷ್ಟು ಜನ ಕಡಲು ದಾಟಿ ಸೇವೆ ಸಲ್ಲಿಸಿದರು. ಕೈ ಕಾಲು ಕಳೆದುಕೊಂಡು ಬಂದ ಸೈನಿಕರಿಗೆ ಕಸುಬು ಕಲಿಸಲು 1917ರಲ್ಲಿ ಮುಂಬಯಿಯಲ್ಲಿ ಕ್ವೀನ್ ಮೇರೀಸ್ ತಾಂತ್ರಿಕ ಶಾಲೆ ಆರಂಭವಾಗಿ, ಮುಂದೆ ಪುಣೆಯ ಖಡಕಿಗೆ ಸ್ಥಳಾಂತರವಾಯಿತು. 1919ರಲ್ಲಿ ಭಾರತೀಯ ಸೈನಿಕರ ಮಂಡಲಿಯೊಂದು ಏರ್ಪಟ್ಟಿತು. ಅದೇ 1975ರಿಂದ ಕೇಂದ್ರೀಯ ಸೈನಿಕ ಮಂಡಲಿಯೆಂಬ ಹೆಸರಿನಿಂದ ನಡೆದುಬಂದಿದೆ. ಜಿಲ್ಲೆಗಳಲ್ಲಿ ಇರುವ ಸೈನಿಕ ಕಲ್ಯಾಣ ಕಚೇರಿಗಳು ಈ ವೃಕ್ಷದ ಕೊಂಬೆಗಳು.

ಎರಡನೆಯ ಮಹಾಯುದ್ಧದಲ್ಲಿ ಭಾರತದ ಸೈನ್ಯ ಸುಮಾರು 25 ಲಕ್ಷಕ್ಕೆ ಬೆಳೆಯಿತು. ಯುದ್ಧ ಮುಗಿಯುತ್ತಲೇ ಇವರಲ್ಲಿ ಬಹುಪಾಲು ಜನರನ್ನು ಮನೆಗೆ ಕಳುಹಿಸಬೇಕಾಗಿತ್ತು. ಈ ಬಾರಿ ಅವರೆಲ್ಲ ಬರೀ ಬಂದೂಕು ಹಿಡಿದವರಾಗಿರಲಿಲ್ಲ. ಮೋಟಾರು ನಡೆಸಲು, ಯಂತ್ರ ರಿಪೇರಿ ಮಾಡಲು, ತಂತಿಯಿಲ್ಲದ ತಂತಿಯ ಯಂತ್ರವನ್ನು ನಡೆಸಲು, ಗಾಯಕ್ಕೆ ಪಟ್ಟಿ ಕಟ್ಟಲು ಕಲಿತವರಾಗಿದ್ದರು. ಇವರಿಗೆ ಕೆಲಸವನ್ನೂ, ಕೆಲಸಕ್ಕೆ ಜನರನ್ನೂ ಹುಡುಕಿಕೊಡುವುದಕ್ಕಾಗಿ 1945ರ ಜುಲೈಯಲ್ಲಿ ಪುನರ್ವಸತಿ ಮತ್ತು ಉದ್ಯೋಗ ನಿರ್ದೇಶನಾಲಯದ ಆಶ್ರಯದಲ್ಲಿ ಉದ್ಯೋಗ ವಿನಿಮಯ ಕಚೇರಿಗಳು ಹುಟ್ಟಿದವು. ದೇಶ ವಿಭಜನೆಯ ನಂತರ ನಿರಾಶ್ರಿತರಿಗೂ, 1948ರ ಆರಂಭದಲ್ಲಿ ಎಲ್ಲ ಪ್ರಜೆಗಳಿಗೂ ಅವುಗಳ ಬಾಗಿಲು ತೆರೆಯಿತು. ಎಸ್.ಎಸ್.ಎಲ್.ಸಿ. ಮುಗಿದ ಕೂಡಲೇ ಹೆಸರು ಬರೆಸಲು ನಮ್ಮ ಮನೆಗಳ ಹುಡುಗರು ಹುಡುಗಿಯರು ಸಾಲುಗಟ್ಟಿ ನಿಂತ ಆ ಕಚೇರಿ ಮೊದಲು ಸೈನಿಕನಿಗಾಗಿ ಕಟ್ಟಿದ್ದೆಂಬುದನ್ನು ಎಷ್ಟು ಮಂದಿ ಬಲ್ಲರು? ಸೈನಿಕನಿಗೆ ತೋಡಿದ ಬಾವಿಯ ನೀರನ್ನು ಊರೆಲ್ಲ ಕುಡಿದಿದೆ.

ಸ್ವಾತಂತ್ರ್ಯಾನಂತರ ಈ ಕಾರ್ಯಕ್ಕೆ ಕನ್ನಡ ನಾಡಿನ ಹಿರಿಯರೊಬ್ಬರು ತಮ್ಮ ನಿವೃತ್ತಿಯ ಬಾಳನ್ನು ಮುಡಿಪಿಟ್ಟರು. 1949ರ ಜನವರಿ 15ರಂದು ಭಾರತದ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಗಿನ ಕೆ. ಎಂ. ಕಾರಿಯಪ್ಪನವರು 1964ರಲ್ಲಿ ಮಾಜಿ ಸೈನಿಕರ ಅಖಿಲ ಭಾರತ ಸಂಘವನ್ನು ಸ್ಥಾಪಿಸಿದರು. ಇನ್ನು ನಮ್ಮ ಕಾಲದವರೇ ಆದ ಗೊರೂರಿನ ಕ್ಯಾಪ್ಟನ್ ಗೋಪಿನಾಥರು 1971ರ ಯುದ್ಧದಲ್ಲಿ ಭಾಗವಹಿಸಿ, ಎಳೆಯ ವಯಸ್ಸಿನಲ್ಲೇ ಸೈನ್ಯವನ್ನು ಬಿಟ್ಟು, ಅಣೆಕಟ್ಟಿನಲ್ಲಿ ಮುಳುಗಿದ ಹೊಲಕ್ಕೆ ಬದಲಾಗಿ ಮನೆತನಕ್ಕೆ ದೊರೆತ ಬರಡು ನೆಲದಲ್ಲಿ ಡೇರೆ ಹಾಕಿ ಬೇಸಾಯಕ್ಕೆ ನಿಂತರು. ಮುಂದೆ 2003ರಲ್ಲಿ ಸಾಮಾನ್ಯರಿಗೂ ಎಟಕುವ ದರದ ವಿಮಾನಯಾನವನ್ನು ಆರಂಭಿಸಿದರು. ಎಲ್ಲರೂ ವಿಮಾನ ಹಾರಿಸಲಾರರು. ಆದರೆ ಮೊದಲ ಕೆಲವು ವರ್ಷಗಳಲ್ಲಿ ಅವರು ಪಟ್ಟ ಪಾಡು, ಹೊಲಕ್ಕೆ ಹಿಂದಿರುಗಿದ ಯಾವ ಸೈನಿಕನಿಗೂ ಅಪರಿಚಿತವಲ್ಲ.

ಇಂದಿನ ಸ್ಥಿತಿಯನ್ನು ನೋಡೋಣ. ಪ್ರತಿ ವರ್ಷ ಸುಮಾರು 60,000 ಸೈನಿಕರು ಸೇವೆಯಿಂದ ಬಿಡುಗಡೆ ಹೊಂದುತ್ತಾರೆ. ಇವರಲ್ಲಿ ಹೆಚ್ಚಿನವರ ವಯಸ್ಸು 35ರಿಂದ 45ರ ಒಳಗೆ. ಮಕ್ಕಳು ಶಾಲೆಯಲ್ಲಿರುವ, ತಾಯಿತಂದೆಗಳು ಮುಪ್ಪಾಗಿರುವ ಕಾಲ. ಕೇಂದ್ರ ಸರ್ಕಾರದ ಸಿ ವರ್ಗದ ಹುದ್ದೆಗಳಲ್ಲಿ ನೂರಕ್ಕೆ 10ರಷ್ಟನ್ನು ಮಾಜಿ ಸೈನಿಕರಿಗೆ ಕಾದಿರಿಸಿದ್ದಾರೆ. ಹತ್ತನೆಯ ತರಗತಿ ಮುಗಿಸಿ 15 ವರ್ಷ ಸೇವೆ ಮಾಡಿದವನನ್ನು, ಪದವಿ ಬೇಕೆನ್ನುವ ಸಿ ವರ್ಗದ ಹಲವು ಹುದ್ದೆಗಳಿಗೆ ಪರಿಗಣಿಸಬಹುದೆಂಬ ನಿಯಮವೂ ಇದೆ. ಸೇವೆಯ ಕೊನೆಯ ಅವಧಿಯಲ್ಲಿಯೇ ಪುನರ್ವಸತಿ ನಿರ್ದೇಶನಾಲಯದ ಮೂಲಕ ಕಸುಬಿನ ತರಬೇತಿ ಪಡೆಯುವ ಏರ್ಪಾಡಿದೆ. ಆದರೂ ಕಾದಿರಿಸಿದ ಸ್ಥಾನಗಳು ಎಷ್ಟೋ ಕಡೆ ತುಂಬದೆ ಉಳಿಯುತ್ತವೆ. ಕಾದವನಿಗೆ ಸುದ್ದಿ ತಲಪುವುದಿಲ್ಲ. ಸುದ್ದಿ ತಲಪಿದವನಿಗೆ ಪರೀಕ್ಷೆಯ ಅಭ್ಯಾಸವಿರುವುದಿಲ್ಲ.

2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಈ ಪ್ರಶ್ನೆಗೆ ಮತ್ತೊಂದು ಮುಖ ಬಂದಿದೆ. ಇದರಂತೆ ಸೇರಿದ ತರುಣರ ಸೇವೆ ನಾಲ್ಕು ವರ್ಷ, ಅವರಲ್ಲಿ ಹೆಚ್ಚೆಂದರೆ ನೂರಕ್ಕೆ 25 ಮಂದಿಯನ್ನು ಮುಂದುವರಿಸಿಕೊಂಡು, ಉಳಿದವರಿಗೆ ಒಂದು ಇಡುಗಂಟನ್ನು ಕೊಟ್ಟು ಕಳುಹಿಸುತ್ತಾರೆ, ಪಿಂಚಣಿ ಇರುವುದಿಲ್ಲ. ಮೊದಲ ತಂಡಗಳ ಅವಧಿ 2026–27ರ ಸುಮಾರಿಗೆ ತುಂಬುತ್ತದೆ. ಹಿಂದಿನ ಕಾಲದಲ್ಲಿ ಊರಿಗೆ ಮರಳುತ್ತಿದ್ದವನು ನಡುವಯಸ್ಸಿನವನು. ಇನ್ನು ಮುಂದೆ ಮರಳುವವರಲ್ಲಿ ಮದುವೆಯಾಗದ, ಮೀಸೆ ಈಗತಾನೆ ಬಲಿತ ಹುಡುಗರೂ ಇರುತ್ತಾರೆ. ಅವರ ಮುಂದೆ ಬಾಳು ಇಡಿಯಾಗಿ ಬಿದ್ದಿರುತ್ತದೆ.

ಗಡಿನಾಡಿನವರಾದ ನಮಗೆ ಇದರಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದವು ಮೈಸೂರಿಗೆ ಹೋದವು. ಅಂದಿನಿಂದ ನಮ್ಮ ಮಕ್ಕಳು ಮನೆಯಲ್ಲಿಯೂ ಶಾಲೆಯಲ್ಲಿಯೂ ಕನ್ನಡವನ್ನು ಕಲಿತು, ಕಚೇರಿಯಲ್ಲಿ ತೆಲುಗನ್ನು ಎದುರಿಸುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಸೈನ್ಯಕ್ಕೆ ಸೇರಿದರೆ ಅಲ್ಲಿ ಹಿಂದಿಯನ್ನು ಕಲಿಯುತ್ತಾನೆ. ಹದಿನೈದು ವರ್ಷ ಕಳೆದು ಊರಿಗೆ ಬಂದು ಕರ್ನೂಲಿನ ಕಚೇರಿಗೆ ಹೋದರೆ, ಅರ್ಜಿಯನ್ನು ತೆಲುಗಿನಲ್ಲಿ ಓದಿ ತುಂಬಬೇಕು. ತುಂಗಭದ್ರೆಯ ಆಚೆ ಭಾಷೆ ತನ್ನದು. ಆದರೆ ಸೈನ್ಯಕ್ಕೆ ಸೇರುವಾಗ ಬರೆಸಿದ ಸ್ವಂತ ರಾಜ್ಯ ಯಾವುದೆಂಬುದರ ಮೇಲೆ ರಾಜ್ಯದ ಹಲವು ಸವಲತ್ತುಗಳು ನಿಂತಿರುವುದರಿಂದ ಅಲ್ಲಿಯೂ ಅವನು ಹೊರಗಿನವನು. ದೇಶದ ಗಡಿಯನ್ನು ಕಾದವನು ರಾಜ್ಯದ ಗಡಿಯ ಮೇಲೆ ನಿಂತು ಯಾವ ಕಡೆಗೆ ಹೋಗಲೆಂದು ಯೋಚಿಸಬೇಕಾಗಿದೆ.

ಈ ತೊಡಕನ್ನು ಸರ್ಕಾರವೊಂದೇ ಬಿಡಿಸಲಾರದು. ಭಾಷೆಯ ಹೆಸರಿನಲ್ಲಿ ಕೂಡಿರುವ ನಮ್ಮಂತಹ ಸಂಘಗಳು ಮಾಡಬಹುದಾದ ಕೆಲಸ ಇಲ್ಲಿದೆ. ಅದಕ್ಕೆ ಹೆಚ್ಚಿನ ಹಣವೂ ಬೇಕಾಗಿಲ್ಲ. ನಮ್ಮ ಊರುಗಳಿಂದ ಸೈನ್ಯಕ್ಕೆ ಹೋದವರ ಹೆಸರುಗಳನ್ನೂ ಅವರು ಮರಳುವ ವರ್ಷವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬಹುದು. ಸೈನಿಕ ಕಲ್ಯಾಣ ಕಚೇರಿಯ ಸೂಚನೆಗಳನ್ನು ಕನ್ನಡದಲ್ಲಿ ಬರೆದು ಶಾಲೆಯ ಗೋಡೆಗೂ ಗ್ರಂಥಾಲಯದ ಹಲಗೆಗೂ ಅಂಟಿಸಬಹುದು. ನಿವೃತ್ತಿಗೆ ಎರಡು ವರ್ಷ ಮೊದಲೇ ಅವನಿಗೆ ಕಾಗದ ಬರೆದು, ಯಾವ ತರಬೇತಿ ಪಡೆದರೆ ನಮ್ಮ ಸೀಮೆಯಲ್ಲಿ ಉಪಯೋಗಕ್ಕೆ ಬಂದೀತೆಂದು ತಿಳಿಸಬಹುದು. ರಜೆಯಲ್ಲಿ ಬಂದಾಗ ತೆಲುಗು ಲಿಪಿಯನ್ನು ಒಂದಿಷ್ಟು ಕಲಿಸಿಕೊಡಬಹುದು. ಕನ್ನಡ ಬಲ್ಲವನಿಗೆ ಆ ಲಿಪಿ ಹೊಸದಲ್ಲ, ಅಕ್ಕನ ಮಗಳಂತೆ ಪರಿಚಿತವಾದುದು. ಬ್ಯಾಂಕಿನ, ರೈಲ್ವೆಯ ಪರೀಕ್ಷೆಗಳಿಗೆ ನಮ್ಮ ಶಾಲೆಗಳ ನಿವೃತ್ತ ಉಪಾಧ್ಯಾಯರು ಸಂಜೆಯ ಹೊತ್ತು ಪಾಠ ಹೇಳಬಹುದು. ಅವನಿಂದ ನಮಗೂ ಲಾಭವುಂಟು. ಹೊತ್ತಿಗೆ ಸರಿಯಾಗಿ ಎದ್ದು, ಹತ್ತು ಜನರನ್ನು ಕೂಡಿಸಿ ಕೆಲಸ ಮಾಡಿಸಬಲ್ಲವನು ಶಾಲೆಯ ಸಮಿತಿಗೂ ರೈತರ ಸಂಘಕ್ಕೂ ಬೇಕಾದವನೇ.

ಇನ್ನೂರು ವರ್ಷಗಳ ಈ ಕಥೆಯನ್ನು ಹಿಂದಿರುಗಿ ನೋಡಿದರೆ ಎರಡು ಬಗೆಯ ಊರುಗಳು ಕಾಣುತ್ತವೆ. ಕೋನಗಲ್ಲು, ನಂದಗಡ, ಹಲಗಲಿಗಳು ಒಂದು ಕಡೆ. ಕಂದಾಚಾರದ ಆಳುಗಳು ಬೇಸಾಯ ಮಾಡಿಕೊಂಡಿದ್ದ ಮೈಸೂರಿನ ಹಳ್ಳಿಗಳೂ, ಕಟ್ಟುಬಡಿಯವರು ನೇಗಿಲು ಹಿಡಿದ ನಮ್ಮ ಹಳ್ಳಿಗಳೂ ಇನ್ನೊಂದು ಕಡೆ. ಮೊದಲನೆಯವುಗಳ ಹೆಸರು ಚರಿತ್ರೆಯಲ್ಲಿ ಉಳಿಯಿತು. ಎರಡನೆಯವುಗಳಲ್ಲಿ ಮನೆಗಳು ಉಳಿದವು. ಆ ಮನೆಗಳಲ್ಲಿ ಹುಟ್ಟಿದವರು ನಾವು. ಮುಂದಿನ ವರ್ಷ ಈ ಉತ್ಸವದ ಹೊತ್ತಿಗೆ, ಹಸಿರು ಪೆಟ್ಟಿಗೆಯನ್ನು ಹೊತ್ತು ಕೊನೆಯ ಸಲ ಊರಿಗೆ ಬರುವ ಒಬ್ಬ ತಮ್ಮನಿಗಾದರೂ, ‘ಬಾರಪ್ಪ, ನಿನ್ನ ದಾರಿಯನ್ನೇ ನೋಡುತ್ತಿದ್ದೆವು; ನಿನಗಾಗಿ ಒಂದು ಕೆಲಸವನ್ನು ವಿಚಾರಿಸಿಟ್ಟಿದ್ದೇವೆ’ ಎಂದು ಹೇಳುವಂತಾದರೆ ಈ ಲೇಖನವನ್ನು ಬರೆದ ಶ್ರಮ ಸಾರ್ಥಕವೆಂದು ಭಾವಿಸುತ್ತೇನೆ.